ದಣಪೆಯ ಮೇಲಿನ ಗಳ

2024ರ ಜುಲೈ ಕೊನೆಯ ವಾರ. ಆಯಿ, ಅಂದರೆ ನನ್ನ ಅಮ್ಮ, ಪುಣೆಗೆ ಬಂದು ವಾರವಾಗಿತ್ತು. ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿಯ ಹೆದ್ದಾರಿ ಬಂದ್ ಆಗಿತ್ತು. ಹಾಗಾಗಿ ಅಂಕೋಲೆಗೆ ಇಳಿದು ರೈಲು ಹಿಡಿಯುವುದನ್ನು ಬಿಟ್ಟು ಹುಬ್ಬಳ್ಳಿ ಮೇಲೆ ರಾತ್ರಿ ಬಸ್ಸಿನಲ್ಲಿ ಬಂದಿದ್ದಳು. ಇಲ್ಲಿಯೂ ಅದೇ ಮಳೆ. 25ರಂದು ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೆಲ್ಲ ನೀರು ನುಗ್ಗಿತು. ಎರಡು ದಿನ ಬಿಟ್ಟು ಮಳೆ ಸ್ವಲ್ಪ ಹೊಳವು ಕೊಟ್ಟಾಗ ಆಯಿಯನ್ನು ಡೆಕ್ಕನ್ ಕಡೆ ಕರೆದುಕೊಂಡು ಹೋದೆ. ಝಡ್ ಬ್ರಿಜ್ ಮೇಲೆ ಜನ ನಿಂತು ಮುಠಾ ನದಿ ನೋಡುತ್ತಿದ್ದರು. ಭಿಡೆ ಸೇತುವೆ ಇರಬೇಕಾದ ಜಾಗದಲ್ಲಿ ಸೇತುವೆ ಇರಲಿಲ್ಲ. ಕೆಂಪು ನೀರಿಗೆ ಅಡ್ಡಲಾಗಿ ಒಂದು ಉದ್ದನೆಯ ಸುಕ್ಕು ಮಾತ್ರ ಕಾಣುತ್ತಿತ್ತು.

"ಅಲ್ಲೊಂದು ಸೇತುವೆ ಇದೆ ಆಯಿ. ಮುಳುಗಿದೆ" ಅಂದೆ.

ಆಯಿ ಸುಮಾರು ಹೊತ್ತು ನೋಡಿದಳು. "ಇದನ್ನ ಇಷ್ಟು ತಗ್ಗಿಗೆ ಎಂತಕ್ಕೆ ಕಟ್ಟಿದ್ದಾರೆ ತಮಾ?"

ನನ್ನ ಕೆಲಸವೇ ಸೇತುವೆಗಳ ಡಿಸೈನ್. ಪುಣೆಯ ಒಂದು ಕನ್ಸಲ್ಟೆನ್ಸಿಯಲ್ಲಿ ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಹಾಗಾಗಿ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇದು ಮುಳುಗಲೆಂದೇ ಕಟ್ಟಿದ ಸೇತುವೆ, ವರ್ಷಕ್ಕೆ ಕೆಲವೇ ದಿನ ಮುಳುಗುತ್ತದೆ, ಎತ್ತರಕ್ಕೆ ಕಟ್ಟಿದರೆ ಖರ್ಚು ಜಾಸ್ತಿ, ಎರಡೂ ಕಡೆ ಉದ್ದಕ್ಕೆ ಏರು ರಸ್ತೆ ಬೇಕು ಅಂತೆಲ್ಲ ಹೇಳಿದೆ. ಆಯಿ ಎಲ್ಲ ಕೇಳಿ, "ಮುಳುಗಿದ ದಿವಸವೇ ಯಾರಿಗಾದರೂ ಹೆರಿಗೆ ನೋವು ಬಂದರೆ?" ಅಂದಳು. ಆ ಕಡೆ ಲಕ್ಡಿ ಪೂಲ್ ಇದೆ, ನಾವು ನಿಂತಿರುವುದೂ ಸೇತುವೆಯೇ, ಐದು ನಿಮಿಷ ಸುತ್ತು ಹಾಕಿದರೆ ಆಯಿತು ಅಂದೆ.

"ಹಾಂಗಾರೆ ಅಡ್ಡಿಲ್ಲೆ" ಅಂದಳು.

ಆ "ಅಡ್ಡಿಲ್ಲೆ" ನನ್ನನ್ನು ಅವತ್ತಿನಿಂದ ಬಿಟ್ಟಿಲ್ಲ. ಇನ್ನೊಂದು ದಾರಿ ಇದ್ದರೆ ಅಡ್ಡಿಯಿಲ್ಲ, ಸೇತುವೆ ಮುಳುಗಲಿ. ಇಲ್ಲದಿದ್ದರೆ? ನಮ್ಮೂರಿಗೆ ಇನ್ನೊಂದು ದಾರಿ ಇಲ್ಲ.

ಸಂಕ

ನಮ್ಮ ಮನೆ ಗಂಗಾವಳಿಗೆ ಸೇರುವ ಒಂದು ಹಳ್ಳದ ಆಚೆ. ಹನ್ನೊಂದು ಮನೆ, ಅಡಿಕೆ ತೋಟ, ಹಿಂದೆ ಕಾಡು, ಮುಂದೆ ಹಳ್ಳ. ಶಾಲೆ, ಅಂಗಡಿ, ಬಸ್ಸು, ದವಾಖಾನೆ ಎಲ್ಲ ಈಚೆ ದಡದಲ್ಲಿ. ಡಿಸೆಂಬರಿನಿಂದ ಮೇ ತನಕ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು, ಚಪ್ಪಲಿಯೂ ನೆನೆಯುವುದಿಲ್ಲ. ಮಳೆ ಹಿಡಿಯಿತು ಅಂದರೆ ಸಂಕ ಬೇಕು.

ಪ್ರತಿ ವರ್ಷ ಮೇ ಕೊನೆಗೆ ದೊಡ್ಡಪ್ಪ ಮತ್ತು ಮೂರ್ನಾಲ್ಕು ಮನೆಯವರು ಸೇರಿ ಸಂಕ ಹಾಕುತ್ತಿದ್ದರು. ಹಳ್ಳದ ನಡುವಿನ ಎರಡು ಬಂಡೆಗಳ ಮೇಲೆ ಕವಲು ಇರುವ ಗೂಟ ನಿಲ್ಲಿಸಿ ಅಡಿಕೆ ಮರ ಅಡ್ಡ ಹಾಕುವುದು, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟುವುದು. ಮೂರು ಮರ ಅಗಲ, ಅಷ್ಟೇ. ಮುಗಿದ ಮೇಲೆ ದೊಡ್ಡಪ್ಪ ಕೊನೆಯದಾಗಿ ಒಂದು ಕೆಲಸ ಮಾಡುತ್ತಿದ್ದ. ಮರಗಳ ಈಚೆ ತುದಿಯನ್ನು ಉದ್ದನೆಯ ಹಗ್ಗದಿಂದ ದಡದ ಹೊನ್ನೆ ಮರಕ್ಕೆ ಕಟ್ಟುತ್ತಿದ್ದ. ಆಚೆ ತುದಿಯನ್ನು ಯಾವುದಕ್ಕೂ ಕಟ್ಟುತ್ತಿರಲಿಲ್ಲ. ಎರಡೂ ಕಡೆ ಕಟ್ಟಿದರೆ ಗಟ್ಟಿ ಅಲ್ವಾ ಅಂತ ಒಮ್ಮೆ ಕೇಳಿದ್ದೆ. "ಹೊಳೆ ಹತ್ತಿರ ಜಗಳ ಆಡಲಿಕ್ಕೆ ಆಗ್ತದಾ? ಬಂದಾಗ ಬಿಟ್ಟುಕೊಡಬೇಕು. ಒಂದು ಕಡೆ ಕಟ್ಟಿದರೆ ತಿರುಗಿ ದಡಕ್ಕೆ ಬಂದು ಮಲಗ್ತದೆ, ನೀರು ಇಳಿದ ಮೇಲೆ ಮತ್ತೆ ಎತ್ತಿ ಹಾಕಿದರಾಯ್ತು" ಅಂದಿದ್ದ. ಮುಂದೆ ಇಂಜಿನಿಯರಿಂಗ್ ಓದುವಾಗ ಪ್ರವಾಹದ ಬಲದ ಪಾಠ ಬಂದಾಗಲೆಲ್ಲ ನನಗೆ ಆ ಹೊನ್ನೆ ಮರದ ಹಗ್ಗವೇ ಕಣ್ಣ ಮುಂದೆ ಬರುತ್ತಿತ್ತು.

ಸಂಕ ದಾಟುವುದಕ್ಕೆ ಅಜ್ಜಿ ಕಲಿಸಿದ ಕ್ರಮ ಒಂದಿತ್ತು. ನೀರು ನೋಡಬಾರದು. ಆಚೆ ದಡದ ಹೊಂಗೆ ಮರ ನೋಡುತ್ತ ನಡೆಯಬೇಕು. ನಾನು ಒಮ್ಮೆ ನೀರು ನೋಡಿದೆ. ಮೂರನೇ ಕ್ಲಾಸು, ಹೆಗಲಲ್ಲಿ ಪಾಟಿಚೀಲ, ತಲೆ ಮೇಲೆ ಮಳೆಗೆ ಹೊದೆಯುವ ಕೊಪ್ಪೆ. ನೀರು ನಿಂತಂತೆ, ಸಂಕವೇ ನನ್ನನ್ನು ಹೊತ್ತುಕೊಂಡು ಮೇಲ್ಮುಖವಾಗಿ ಓಡುತ್ತಿರುವಂತೆ ಕಂಡಿತು. ಕಾಲು ಅಲ್ಲೇ ಅಂಟಿಕೊಂಡಿತು. ಬಿದಿರು ಹಿಡಿದು ಕೂತೇಬಿಟ್ಟೆ. ಹಿಂದೆ ಬರುತ್ತಿದ್ದ ಅಕ್ಕ ಬಯ್ಯಲಿಲ್ಲ. ನನ್ನ ಕೊಪ್ಪೆಯ ಅಂಚನ್ನು ಕಣ್ಣಿನ ತನಕ ಕೆಳಗೆ ಎಳೆದು, "ಈಗ ನಿನ್ನ ಕಾಲು ಮಾತ್ರ ಕಾಣ್ತದೆ, ನಡಿ" ಅಂದಳು. ಹಾಗೇ ನಡೆದೆ. ಅವಳಿಗೆ ಆಗ ಹತ್ತು ವರ್ಷ.

ಇದನ್ನು ನೆನಪಿನ ಸಿಹಿ ಅಂತ ಬರೆಯುತ್ತಿಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಕೊಚ್ಚಿಹೋದಳು. ಆ ಸುದ್ದಿ ಓದಿದ ದಿನ ಆಫೀಸಿನಲ್ಲಿ ನನ್ನ ಕೈ ಓಡಲಿಲ್ಲ. ಪಕ್ಕದ ಟೇಬಲ್ಲಿನ ಭೋರ್ ಕಡೆಯ ಸಹೋದ್ಯೋಗಿಗೆ ಕಾಲುಸಂಕ ಅಂದರೆ ಏನು ಅಂತ ವಿವರಿಸಲು ಹೊರಟರೆ ಅರ್ಧದಲ್ಲೇ, "ಸಾಕವ! ನಮ್ಮ ಕಡೆಯೂ ಇದೆ" ಅಂದ. ಮರಾಠಿಯಲ್ಲಿ ಸಾಕವ, ಗೋವೆಯ ಕೊಂಕಣಿಯಲ್ಲಿ ಸಾಂಕವ್, ನಮ್ಮಲ್ಲಿ ಸಂಕ. ಎಲ್ಲ ಒಂದೇ ಸಂಕ್ರಮದಿಂದ ಬಂದ ಮಾತು. ಸಹ್ಯಾದ್ರಿಯ ಉದ್ದಕ್ಕೂ ಒಂದೇ ಮಳೆ, ಒಂದೇ ಹಳ್ಳ, ಒಂದೇ ಶಬ್ದ.

ಸೇತುವೆ ಇದೆ, ದಂಡೆ ಇಲ್ಲ

ನಮ್ಮೂರಿಗೂ ಸೇತುವೆ ಬಂತು. ನಾನು ಪುಣೆ ಸೇರಿದ ಮೇಲೆ. ಸಾಲಾಗಿ ಹ್ಯೂಮ್ ಪೈಪ್, ಅಂದರೆ ಕಾಂಕ್ರೀಟಿನ ದೊಡ್ಡ ಕೊಳವೆ ಇಟ್ಟು, ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿ, ಎರಡೂ ಕಡೆ ಮಣ್ಣು ತುಂಬಿ ಅಪ್ರೋಚ್, ಅಂದರೆ ಸೇತುವೆಗೆ ಹತ್ತುವ ದಾರಿ ಮಾಡಿದ್ದರು. ಊರಿಗೆ ಮೊದಲ ಸಲ ಜೀಪು ಬಂತು. ದೊಡ್ಡಪ್ಪ ತೆಂಗಿನಕಾಯಿ ಒಡೆದ ಫೋಟೋ ಇನ್ನೂ ನಮ್ಮ ಜಗಲಿಯಲ್ಲಿದೆ.

2019ರ ಆಗಸ್ಟಿನ ನೆರೆಯಲ್ಲಿ ಆ ಸೇತುವೆಗೆ ಏನಾಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಎಲ್ಲರೂ "ಸೇತುವೆ ಕೊಚ್ಚಿಹೋಯಿತು" ಅನ್ನುತ್ತಾರೆ. ಅದು ಕೊಚ್ಚಿಹೋಗಿಲ್ಲ, ಇವತ್ತಿಗೂ ಅಲ್ಲೇ ನಿಂತಿದೆ. ಮೊದಲು ಮೇಲಿನ ಕಾಡಿನಿಂದ ಬುಡಸಮೇತ ಕಿತ್ತ ಬಿದಿರ ಹಿಂಡಿಲು ಬಂದು ಪೈಪುಗಳ ಬಾಯಿಗೆ ಸಿಕ್ಕಿಕೊಂಡಿತು. ಅದರ ಮೇಲೆ ಅಡಿಕೆ ಮರ, ಸೋಗೆ, ಯಾರದೋ ಕೊಟ್ಟಿಗೆಯ ಮಾಡು. ಪೈಪು ಕಟ್ಟಿಕೊಂಡಿತು. ಸೇತುವೆ ಹೋಗಿ ಒಡ್ಡು ಆಯಿತು. ಒಡ್ಡಿನ ಹಿಂದೆ ನೀರು ಏರಿತು, ಸ್ಲ್ಯಾಬಿನ ಮೇಲೆ ಹರಿಯಿತು, ಅದೂ ಸಾಲದೆ ಪಕ್ಕದಲ್ಲಿ ಮೆತ್ತಗಿದ್ದ ಜಾಗ ಹುಡುಕಿತು. ಆಚೆ ಕಡೆಯ ಅಪ್ರೋಚ್ ಬರೀ ತುಂಬಿದ ಮಣ್ಣು. ಅದಕ್ಕೆ ಕಲ್ಲಿನ ಹಾಸು ಇರಲಿಲ್ಲ, ಮಣ್ಣು ಜರಿಯದಂತೆ ಬದಿಗೆ ಕಟ್ಟುವ ರೆಕ್ಕೆ ಗೋಡೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಬೆಳಗಾಗುವುದರೊಳಗೆ ಹಳ್ಳ ಸೇತುವೆಯನ್ನು ಪಕ್ಕಕ್ಕೆ ಬಿಟ್ಟು ಹೊಸ ದಾರಿ ಮಾಡಿಕೊಂಡಿತ್ತು. ಈಗ ಈಚೆಯಿಂದ ಸ್ಲ್ಯಾಬಿನ ಕೊನೆ ತನಕ ನಡೆದು ಹೋಗಬಹುದು. ಅಲ್ಲಿಂದ ಮುಂದೆ ಒಂದು ಆಳೆತ್ತರದ ಕೊರಕಲು, ಅದರ ಆಚೆ ನಮ್ಮ ಮನೆಗಳು. ಲೆಕ್ಕದ ಪುಸ್ತಕದಲ್ಲಿ ಮಾತ್ರ ನಮ್ಮೂರಿಗೆ ಸೇತುವೆ ಇದೆ.

ಈಗ ಮತ್ತೆ ಪ್ರತಿ ಮೇ ತಿಂಗಳಲ್ಲಿ ಸಂಕ ಹಾಕುತ್ತಾರೆ, ಸ್ಲ್ಯಾಬಿನ ತುದಿಯಿಂದ ದಂಡೆಗೆ. ದೊಡ್ಡಪ್ಪ ಇಲ್ಲ. ಹಗ್ಗ ಕಟ್ಟುವವನು ನನ್ನ ತಮ್ಮ.

ನೆರೆ ಅಂದರೆ ಬರೀ ನೀರು ಅಲ್ಲ

ಹೊರಗಿನವರಿಗೆ ನೆರೆ ಅಂದರೆ ನೀರು ಮೇಲೆ ಬರುವುದು. ನಿಜ ಹೇಳಬೇಕೆಂದರೆ ನೀರಿನ ಭಾರದಿಂದ ಹೋಗುವ ಸೇತುವೆಗಳು ಕಡಿಮೆ. ಹೆಚ್ಚಿನವು ಹೋಗುವುದು ಬುಡದ ಕೊರೆತದಿಂದ, ಸ್ಕೌರ್ ಅನ್ನುತ್ತೇವಲ್ಲ, ಅದರಿಂದ. ಕಂಬಕ್ಕೆ ಬಡಿದ ನೀರು ಕೆಳಮುಖವಾಗಿ ಸುಳಿ ತಿರುಗಿ ಬುಡದ ಮಣ್ಣು, ಮರಳು ತೆಗೆಯುತ್ತದೆ. ನೆರೆ ಇಳಿಯುವಾಗ ಅದೇ ಗುಂಡಿಯಲ್ಲಿ ಹೊಸ ಮರಳು ತುಂಬಿಕೊಳ್ಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಮ್ಮ ದೇಶದ ನಿಯಮದಲ್ಲಿ ನೆರೆ ಮಟ್ಟದಿಂದ ಕೆಳಗೆ ಸರಾಸರಿ ಕೊರೆತದ ಆಳ ಲೆಕ್ಕ ಹಾಕಿ, ಕಂಬದ ಹತ್ತಿರ ಅದರ 2 ಪಟ್ಟು, ದಂಡೆಯ ಗೋಡೆಗೆ 1.27 ಪಟ್ಟು ಹಿಡಿಯಬೇಕು ಅಂತಿದೆ. ಪಾಯ ಅದಕ್ಕಿಂತಲೂ ಕೆಳಗೆ ಹೋಗಬೇಕು, ಇಲ್ಲವೇ ಬಂಡೆಯಲ್ಲಿ ಕೂರಬೇಕು. ದೊಡ್ಡ ಸೇತುವೆಗೆ ಇದನ್ನೆಲ್ಲ ಯಾರೂ ತಪ್ಪಿಸುವುದಿಲ್ಲ. ಹಳ್ಳಿಯ ಸಣ್ಣ ಸೇತುವೆಗೆ ಬಂದಾಗ "ಇಷ್ಟು ಸಣ್ಣದಕ್ಕೆ ಅಷ್ಟೆಲ್ಲ ಯಾಕೆ" ಅನ್ನುವ ಮಾತು ಎಲ್ಲಿಂದಲೋ ಬಂದುಬಿಡುತ್ತದೆ.

ಇನ್ನೊಂದು ಲೆಕ್ಕ ನನಗೆ ಯಾವಾಗಲೂ ಹಿಡಿಸಿದ್ದು. ಹರಿವ ನೀರಿನ ಒತ್ತಡ ವೇಗದ ವರ್ಗದ ಹಾಗೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುವ ನೀರು ಚೌಕ ಮೂಗಿನ (ಮೂಗು ಅಂದರೆ ನೀರಿಗೆ ಎದುರಾದ ತುದಿ) ಕಂಬದ ಮೇಲೆ ಚದರ ಮೀಟರಿಗೆ ಸುಮಾರು 700 ಕಿಲೋ ಒತ್ತುತ್ತದೆ. ಅದೇ ಕಂಬದ ಮೂಗು ದುಂಡಗಿದ್ದರೆ ಸುಮಾರು 310. ಅರ್ಧಕ್ಕೂ ಕಡಿಮೆ. ದುಂಡಗೆ ಮಾಡಲು ಬೇಕಾಗುವುದು ಸೆಂಟ್ರಿಂಗ್ ಕೆಲಸದವನ ಒಂದಷ್ಟು ಹೊತ್ತು ಹೆಚ್ಚಿನ ಕೆಲಸ. ನೀರಿಗೆ ಬಿಟ್ಟುಕೊಡುವುದು ಅಂದರೆ ಇದೇ ಅಲ್ವಾ.

ಚಿಕ್ಕೋಡಿ ಕಡೆಯ ಗೆಳೆಯನೊಬ್ಬ ಇಲ್ಲಿ ಕೋಥರೂಡಿನಲ್ಲಿದ್ದಾನೆ. ಭಾನುವಾರ ಚಹಾಕ್ಕೆ ಸೇರಿದಾಗ ಇದೇ ಮಾತು. "ಏ ದೋಸ್ತ, ನಮ್ಮ ಕಡೆ ಸೇತುವೆ ವರ್ಷಾ ಮುಳುಗತಾವ, ವರ್ಷಾ ಎದ್ದ ಬರತಾವ, ಏನೂ ಆಗೂದಿಲ್ಲ" ಅಂದ. ಅವನ ಮಾತೂ ಸುಳ್ಳಲ್ಲ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ಪೇಪರಿನಲ್ಲಿ ತಪ್ಪದೆ ಬರುತ್ತದೆ. ಆದರೆ ಅಲ್ಲಿ ಕೃಷ್ಣೆ, ದೂಧಗಂಗೆ ಬಯಲಿನಲ್ಲಿ ಅಗಲವಾಗಿ, ನಿಧಾನವಾಗಿ ಏರುತ್ತವೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟದ್ದು ಮೊದಲೇ ಗೊತ್ತಾಗುತ್ತದೆ. ಸುತ್ತು ಹಾಕಿದರೆ ದೂರ ಆದರೂ ದಾರಿ ಇದೆ. ಅಂಥ ಕಡೆ ತಗ್ಗು ಸೇತುವೆ ಬುದ್ಧಿವಂತಿಕೆಯ ಕೆಲಸವೇ. ಘಟ್ಟದ ಹಳ್ಳ ಹಾಗಲ್ಲ. ಮಧ್ಯಾಹ್ನ ಮೊಣಕಾಲು, ಸಂಜೆ ಆಳೆತ್ತರ. ಜೊತೆಗೆ ಕಾಡನ್ನೇ ಕಿತ್ತು ತರುತ್ತದೆ. ಒಂದೇ ನಮೂನೆಯ ನಕ್ಷೆ ಎರಡೂ ಕಡೆ ನಡೆಯುವುದಿಲ್ಲ ಅಂತ ನಾನೂ ಅವನೂ ಎರಡು ಚಹಾ ಮುಗಿಯುವ ತನಕ ವಾದ ಮಾಡಿದೆವು. ಕೊನೆಗೆ ಅವನೇ, "ಹಂಗಾರ ಮೊದಲ ಹಳ್ಳಾ ನೋಡಬೇಕು, ಆಮೇಲೆ ಸೇತುವೆ" ಅಂದ.

ಏಪ್ರಿಲ್ ತಿಂಗಳ ಹಳ್ಳ

ಹಳ್ಳ ನೋಡುವುದು ಯಾವಾಗ? ಇದೇ ನನ್ನ ತಲೆಯಲ್ಲಿ ಕೊರೆಯುವ ವಿಷಯ. ಸರ್ವೆ ಆಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ರಸ್ತೆ ಒಣಗಿರುತ್ತದೆ, ಗಾಡಿ ಬರುತ್ತದೆ. ಬಂದವರಿಗೆ ಕಾಣುವುದು ನಾಲ್ಕು ಬಂಡೆ, ನಡುವೆ ಪಾದ ಮುಳುಗುವಷ್ಟು ನೀರು, ಅದರಲ್ಲಿ ಮಿಂಚುವ ಸಣ್ಣ ಮೀನು. ಇಷ್ಟಕ್ಕೆ ಎಂಥ ಸೇತುವೆ ಬೇಕು ಅಂತ ಯಾರಿಗಾದರೂ ಅನಿಸುತ್ತದೆ. ನನಗೆ ಬರುವ ನಕ್ಷೆಗಳಲ್ಲಿ ನೀರಿನ ಗುರುತಿನ ಮೇಲೆ ಎಚ್‌ಎಫ್‌ಎಲ್ ಅಂತ ಒಂದು ಅಂಕಿ ಇರುತ್ತದೆ, ಅಂದರೆ ನೆರೆಯ ಅತಿ ಎತ್ತರದ ಮಟ್ಟ. ಇಡೀ ಡಿಸೈನ್ ಆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಹರಿವು ಸೆಕೆಂಡಿಗೆ 30ರಿಂದ 300 ಘನ ಮೀಟರ್ ಇದ್ದರೆ ಆ ಮಟ್ಟದಿಂದ ಸೇತುವೆಯ ತಳಕ್ಕೆ 900 ಮಿಲಿಮೀಟರ್ ಬಿಡಬೇಕು, 300ರಿಂದ 3000 ಇದ್ದರೆ 1200. ಅಂಕಿಯೇ ತಪ್ಪಾದರೆ ಈ ಅಂತರಕ್ಕೆ ಅರ್ಥವಿಲ್ಲ. ಊರವರನ್ನು ಕೇಳಿ, ಗುರುತು ನೋಡಿ ಆ ಮಟ್ಟ ತಿಳಿಯಬೇಕು ಅಂತ ನಿಯಮವೇ ಹೇಳುತ್ತದೆ. ಆದರೆ ಎಷ್ಟೋ ನಕ್ಷೆಗಳಲ್ಲಿ ಅದನ್ನು ಯಾರು ಹೇಳಿದರು, ಯಾವ ಮರದ ಗುರುತು ಅನ್ನುವ ಒಂದು ಸಾಲೂ ಇರುವುದಿಲ್ಲ. ನಾನೂ ಎಷ್ಟೋ ವರ್ಷ ಕೇಳದೇ ಆ ಅಂಕಿಯನ್ನು ಒಪ್ಪಿಕೊಂಡಿದ್ದೇನೆ. ಅದಕ್ಕೆ ಈಗ ಬೇಸರವಿದೆ.

2024ರ ದೀಪಾವಳಿಗೆ ಊರಿಗೆ ಹೋದಾಗ ಆಯಿಯನ್ನು ಕೇಳಿದೆ. 2019ರಲ್ಲಿ ನೀರು ಎಲ್ಲಿ ತನಕ ಬಂದಿತ್ತು? ಅವಳು ಯೋಚನೆಯನ್ನೇ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅಂಗಳ ಇಳಿದು ತೋಟದ ದಾರಿಯ ದಣಪೆಯ ಹತ್ತಿರ ಹೋಗಿ ನಿಂತಳು. ಎರಡು ಕಲ್ಲುಕಂಬ, ನಡುವೆ ಮೂರು ಗಳ. "ಕೆಳಗಿನ ಗಳ ರಾತ್ರಿ ಊಟದ ಹೊತ್ತಿಗೇ ಕಾಣ್ತಿರಲಿಲ್ಲ. ಬೆಳಗಾಮುಂಚೆ ಬ್ಯಾಟರಿ ಬಿಟ್ಟು ನೋಡಿದೆ. ಮೇಲಿನ ಗಳದ ಮೇಲೆ ಒಂದು ಕಪ್ಪೆ ಕೂತಿತ್ತು. ಗಳ ನೀರಿಗೆ ತಾಗಿತ್ತು. ಅಷ್ಟೇ, ಮತ್ತೆ ಇಳೀತು."

ತಮ್ಮ ಮೇಸ್ತ್ರಿಗಳ ಟ್ಯೂಬ್ ಲೆವೆಲ್ ತಂದ. ಹತ್ತು ಮೀಟರ್ ಉದ್ದದ ಪಾರದರ್ಶಕ ಪೈಪು, ಒಳಗೆ ನೀರು. ಗಳದ ಮಟ್ಟದಿಂದ ಹೊರಟು ತೋಟದ ಬದಿಯಲ್ಲಿ ಮರದಿಂದ ಮರಕ್ಕೆ ಸುಣ್ಣದ ಗುರುತು ಹಾಕುತ್ತ ಏಳು ಸಲ ಪೈಪು ಎತ್ತಿ ಇಟ್ಟು ಹಳ್ಳದ ತನಕ ಬಂದೆವು. ಕೊರಕಲು ದಾಟಿಸುವಾಗ ಆಯಿ ಒಂದು ತುದಿ ಹಿಡಿದು ನಿಂತಳು. ಹೆಬ್ಬೆರಳು ಬಾಯಿಗೆ ಒತ್ತಿ ನೀರು ಚೆಲ್ಲದ ಹಾಗೆ. ಲೆಕ್ಕ ಬಂತು. ಸ್ಲ್ಯಾಬಿನ ಮೇಲ್ಮೈಗಿಂತ ದಣಪೆಯ ಮೇಲಿನ ಗಳ 1.1 ಮೀಟರ್ ಎತ್ತರ. ಹಳೆಯ ನಕ್ಷೆಯಲ್ಲಿ ನೆರೆ ಮಟ್ಟವನ್ನು ಸ್ಲ್ಯಾಬಿಗಿಂತ 60 ಸೆಂಟಿಮೀಟರ್ ಕೆಳಗೆ ಬರೆದಿದ್ದರು. ಅಂದರೆ 1.7 ಮೀಟರ್ ವ್ಯತ್ಯಾಸ. ಒಬ್ಬ ಮನುಷ್ಯನ ಎತ್ತರದಷ್ಟು ನೀರು ನಕ್ಷೆಯಲ್ಲಿ ಇರಲೇ ಇಲ್ಲ. ಪೈಪುಗಳು ಕಟ್ಟಿಕೊಂಡು ನೀರನ್ನು ಸ್ವಲ್ಪ ಏರಿಸಿದ್ದು ಹೌದು, ಅದನ್ನು ಕಳೆದರೂ ಅಂತರ ದೊಡ್ಡದೇ. ಅದನ್ನು ಸೇತುವೆ ಕಟ್ಟುವ ಮೊದಲು ಯಾರಾದರೂ ದೊಡ್ಡಪ್ಪನ ಹತ್ತಿರ ಕೇಳಿದ್ದರೆ ಹಿಂದಿನ ನೆರೆಗಳ ಗುರುತನ್ನೆಲ್ಲ ಅವನು ಮರದಲ್ಲಿ ತೋರಿಸುತ್ತಿದ್ದ.

ಇನ್ನೊಂದು ದಾರಿ

ಆಯಿ ಪುಣೆಯಲ್ಲಿರುವಾಗಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆ ಕಾಳಿ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ಬೆಳಿಗ್ಗೆ ಫೋಟೋ ತೋರಿಸಿದರೆ ಆಯಿ ಮೊದಲು ಕೇಳಿದ್ದು, "ಪಕ್ಕದಲ್ಲಿ ಇನ್ನೊಂದು ಇತ್ತಲ್ಲ?" ಇತ್ತು. ಹೊಸ ಸೇತುವೆ ಪಕ್ಕದಲ್ಲೇ ಇತ್ತು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆ ಎರಡು ಎಸ್.ಟಿ. ಬಸ್ಸುಗಳ ಸಮೇತ ಹೋದಾಗಲೂ ಪಕ್ಕದಲ್ಲಿ ಇನ್ನೊಂದಿತ್ತು. ಅಲ್ಲಿ 2017ರ ಜೂನ್ ಹೊತ್ತಿಗೆ ಬದಲಿ ಸೇತುವೆಯೂ ಎದ್ದು ನಿಂತಿತು. ಮನಸ್ಸು ಮಾಡಿದರೆ ಒಂದು ವರ್ಷದೊಳಗೆ ಆಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. 2021ರ ಜುಲೈಯಲ್ಲಿ ಗಂಗಾವಳಿಯ ಗುಳ್ಳಾಪುರ ಸೇತುವೆ ಹೋದಾಗ ಆಚೆಯ ಹಳ್ಳಿಗಳಿಗೆ ಹಾಗೆ ಪಕ್ಕದಲ್ಲಿ ಯಾವುದೂ ಇರಲಿಲ್ಲ.

ನಮ್ಮ ವಿದ್ಯೆಯಲ್ಲಿ ಒಂದು ಮೂಲ ಪಾಠವಿದೆ. ಒಂದು ತೊಲೆ ಸೋತರೆ ಭಾರ ಇನ್ನೊಂದು ದಾರಿಯಲ್ಲಿ ನೆಲ ಮುಟ್ಟಬೇಕು. ಒಂದೇ ದಾರಿ ಇರುವ ಕಡೆ ಆ ಒಂದನ್ನು ಉಳಿದೆಲ್ಲಕ್ಕಿಂತ ಗಟ್ಟಿ ಮಾಡಬೇಕು. ಸೇತುವೆಯ ಒಳಗೆ ಇದನ್ನು ಚಾಚೂ ತಪ್ಪದೆ ಪಾಲಿಸುತ್ತೇವೆ. ಸೇತುವೆ ಯಾವ ಊರಿಗೆ ಹೋಗುತ್ತದೆ ಅನ್ನುವಾಗ ಮರೆಯುತ್ತೇವೆ. ದಿನಕ್ಕೆ ಎಷ್ಟು ಗಾಡಿ ಓಡುತ್ತವೆ ಅಂತ ಎಣಿಸಿ ಸೇತುವೆಯ ದರ್ಜೆ ನಿರ್ಧಾರ ಆಗುತ್ತದೆ. ಅದು ಹೋದ ದಿನ ಎಷ್ಟು ಜನಕ್ಕೆ ಬೇರೆ ದಾರಿ ಇಲ್ಲ ಅಂತ ಎಣಿಸಬೇಕು. ಹಾಗೆ ಎಣಿಸಿದರೆ ಹನ್ನೊಂದು ಮನೆಯ ಸೇತುವೆ ಭಿಡೆ ಸೇತುವೆಗಿಂತ ಮೇಲಿನ ದರ್ಜೆಯದು.

ಹಣ ಎಲ್ಲಿದೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಎಂದೋ ಉತ್ತರ ಕೊಟ್ಟಿದ್ದಾರೆ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಮೊದಲ ತೂಗುಸೇತುವೆ ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ನೇಪಾಳದ ಬೆಟ್ಟಗಳಲ್ಲಿ ಇಂಥವು ಸಾವಿರಾರು ಇವೆ. ತೂಗುಸೇತುವೆಯ ಗುಣ ಏನೆಂದರೆ ನೀರಿನಲ್ಲಿ ಕಂಬವೇ ಇಲ್ಲ. ಹಳ್ಳ ತನ್ನ ಬಿದಿರು, ಮರ, ಬಂಡೆ ಎಲ್ಲ ತೆಗೆದುಕೊಂಡು ಕೆಳಗೆ ಹೋಗಬಹುದು. ಆದರೆ ಇದು ಮಂತ್ರದಂಡ ಅಲ್ಲ. 2019ರಲ್ಲಿ ಗಂಗಾವಳಿ ರಾಮನಗುಳಿಯ ತೂಗುಸೇತುವೆಯನ್ನೇ ಒಯ್ದಿತು. ಎತ್ತರದ ಅಂಕಿ ಸರಿ ಇರಬೇಕು, ಹಗ್ಗ ಹಿಡಿಯುವ ಕಟ್ಟೆ ದಡದಿಂದ ಹಿಂದೆ ಗಟ್ಟಿ ನೆಲದಲ್ಲಿ ಇರಬೇಕು, ವರ್ಷಕ್ಕೊಮ್ಮೆ ತುಕ್ಕು, ಬೋಲ್ಟು ನೋಡುವವರು ಇರಬೇಕು. ಜೀಪು ಹೋಗುವುದಿಲ್ಲ ಅನ್ನುವ ಕೊರತೆಯೂ ಇದೆ. ಆದರೂ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತರೆ ಬಸುರಿ ಹೆಂಗಸು ಜುಲೈ ತಿಂಗಳಲ್ಲಿ ಈಚೆ ದಡ ಸೇರುತ್ತಾಳೆ.

ನಮ್ಮ ಹಳ್ಳಕ್ಕೆ ಎರಡು ನಕ್ಷೆ ಮಾಡಿದ್ದೇನೆ. ಒಂದು ತೂಗುಸೇತುವೆ. ಇನ್ನೊಂದು ಜೀಪು ಹೋಗುವಂಥದ್ದು, ನಡುವೆ ಕಂಬವಿಲ್ಲದ ಒಂದೇ ಅಂಕಣ, ಎರಡೂ ಕಡೆ ಬಂಡೆಯಲ್ಲಿ ಪಾಯ, ಅಪ್ರೋಚಿಗೆ ಕಲ್ಲಿನ ಹಾಸು. ಎರಡರಲ್ಲೂ ತಳವನ್ನು ದಣಪೆಯ ಮೇಲಿನ ಗಳದಿಂದ ಒಂದೂವರೆ ಮೀಟರ್ ಮೇಲಿಟ್ಟಿದ್ದೇನೆ. ನಿಯಮ ಕೇಳುವುದು 900 ಮಿಲಿಮೀಟರ್. ಆದರೆ ಬುಡಸಮೇತ ತೇಲಿ ಬರುವ ಬಿದಿರ ಹಿಂಡಿಲು ಅಷ್ಟರಲ್ಲಿ ತೂರುವುದಿಲ್ಲ. ಎಚ್‌ಎಫ್‌ಎಲ್ ಅಂಕಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಯಾರು ತೋರಿಸಿದರು ಅಂತಲೂ ಬರೆದಿದ್ದೇನೆ. ಪಂಚಾಯಿತಿಗೆ ಕೊಟ್ಟಾಯಿತು, ಅಲ್ಲಿಂದ ಮೇಲೆ ಹೋಗಿದೆ. ಸರ್ವೆಗೆ ಏಪ್ರಿಲ್‌ನಲ್ಲಿ ಬರುತ್ತೇವೆ ಅಂದರು. ಏಪ್ರಿಲ್‌ನಲ್ಲಿ ಬನ್ನಿ, ಜುಲೈಯಲ್ಲೂ ಒಂದು ಸಲ ಬನ್ನಿ, ಹೋಗಿಬರುವ ವ್ಯವಸ್ಥೆ ನಾವು ಮಾಡುತ್ತೇವೆ, ಊಟ ನಮ್ಮನೆಯಲ್ಲೇ ಅಂತ ಕೇಳಿಕೊಂಡಿದ್ದೇನೆ. ಕಿರಿಯ ಇಂಜಿನಿಯರ್ ಒಬ್ಬರು, ಗದಗ ಕಡೆಯವರು, ಬರುತ್ತೇನೆ ಸರ್ ಅಂದಿದ್ದಾರೆ. ದನಿಯಲ್ಲಿ ನಂಬಿಕೆ ಬರುವ ಹಾಗಿತ್ತು.

ದಣಪೆಯ ಗಳಗಳಿಗೆ ಗೆದ್ದಲು ಹಿಡಿದಿದೆ. ತಮ್ಮ ಅದನ್ನು ತೆಗೆದು ಕಬ್ಬಿಣದ ಗೇಟು ಹಾಕಿಸಲು ಹೊರಟಿದ್ದ. ಮೊನ್ನೆ ಫೋನಿನಲ್ಲಿ ಆಯಿ ಹೇಳಿದಳು, "ಅವರು ಬಂದು ನೋಡಿ ಬರಕೊಂಡು ಹೋಗೋ ತನಕ ಮೇಲಿನ ಗಳ ಮುಟ್ಟಬೇಡ ಅಂದಿದ್ದೇನೆ."